ಕೋಲಾರದ ದೇವರಾಜ ಅರಸು ವೈದ್ಯಕೀಯ ಕಾಲೇಜು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಪಟ್ಟಿಯಲ್ಲಿ ಯಾಕೆ ಕಾಣಲ್ಲ?

ಅದು ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ಕೇಂದ್ರವು ವಿಶ್ವವಿದ್ಯಾಲಯದ ಸ್ಥಾನಮಾನ ಕೊಟ್ಟ ಸಂಸ್ಥೆಯ ಕಾಲೇಜು. ಅಲ್ಲಿನ ಎಂಬಿಬಿಎಸ್ ಸೀಟು ಹಂಚುವುದು ಬೆಂಗಳೂರಿನ ಕೆಇಎ ಅಲ್ಲ, ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ತುಮಕೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನದೂ ಇದೇ ಕಥೆ.

ಇಲ್ಲಿ ಮೂರು ಕೆಲಸ ಮೂರು ಕಡೆ ನಡೆಯುತ್ತವೆ, ಗೊಂದಲ ಹುಟ್ಟುವುದೇ ಅದರಿಂದ. ಕಾಲೇಜಿಗೆ ಅನುಮತಿ ಕೊಟ್ಟು ಸೀಟು ಎಷ್ಟು ಎಂದು ನಿಗದಿ ಮಾಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ (2020ರಲ್ಲಿ ಹಳೆಯ ಎಂಸಿಐ, ಅಂದರೆ ಭಾರತೀಯ ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದದ್ದು). ಪ್ರವೇಶಕ್ಕೆ ಬೇಕಾದ ನೀಟ್ ಪರೀಕ್ಷೆ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ಕೆಲಸ. ಸೀಟು ಹಂಚಿಕೆ ಮಾತ್ರ ಕಾಲೇಜಿನ ಬಗೆ ನೋಡಿಕೊಂಡು ಬೇರೆಯಾಗುತ್ತದೆ. ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜಿನಲ್ಲಿ ಶೇ 15 ಸೀಟು ಅಖಿಲ ಭಾರತ ಕೋಟಾದಡಿ ಎಂಸಿಸಿಗೆ, ಉಳಿದ ಶೇ 85 ಕೆಇಎಗೆ. ಡೀಮ್ಡ್ ಆದರೆ ಪೂರ್ತಿ ಎಂಸಿಸಿಗೆ.

ಹಾಗಾಗಿ ಒಂದೇ ನೀಟ್ ಅಂಕಪಟ್ಟಿ ಇಟ್ಟುಕೊಂಡು ಎರಡೂ ಕಡೆ ಬೇರೆ ಬೇರೆ ನೋಂದಣಿ ಮಾಡಿ. ಕೆಇಎಯಲ್ಲಿ ಹೆಚ್ಚಿನವರು ಎಡವುವುದು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ (ಕಂದಾಯ ಇಲಾಖೆ ಪ್ರಮಾಣಪತ್ರಕ್ಕೆ ಕೊಡುವ ಸಂಖ್ಯೆ): ಪ್ರಮಾಣಪತ್ರದಲ್ಲಿನ ಹೆಸರಿನ ಇನಿಶಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದಿದ್ದರೆ ನಾಡಕಚೇರಿಯಲ್ಲಿ ಮೊದಲೇ ಸರಿಪಡಿಸಿಕೊಳ್ಳಿ. ಡೀಮ್ಡ್‌ಗೆ ಎಂಸಿಸಿ 2 ಲಕ್ಷ ರೂಪಾಯಿ ಠೇವಣಿ ಕೇಳುತ್ತದೆ, ಸೀಟು ಸಿಗದಿದ್ದರೆ ವಾಪಸ್. ಆದರೆ ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿಯೂ ಸೇರದಿದ್ದರೆ ಆ ಠೇವಣಿ ಹೋಯಿತೆಂದೇ ಲೆಕ್ಕ. ಶುಲ್ಕ ಭರಿಸಲಾಗದ ಕಾಲೇಜನ್ನು ‘ಇರಲಿ’ ಎಂದು ಆಪ್ಷನ್‌ನಲ್ಲಿ ಹಾಕಬೇಡಿ.