ಒಂದು ಲಾರಿಯ ಕಥೆ, ಮೂರು ಗಾಡಿಯ ಕಂತು

ವ್ಯಾಪಾರದಲ್ಲಿ ಕೈಸುಟ್ಟುಕೊಂಡು ನನ್ನ ಬಳಿ ಬರುವವರು ಮೊದಲಿಗೆ ಸಾಲದ ಮಾತು ಎತ್ತುವುದೇ ಇಲ್ಲ. ಗೆದ್ದವರ ಕಥೆ ಹೇಳುತ್ತಾರೆ. ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು, ಹೆಂಡತಿ ಕೊಟ್ಟ ಹತ್ತು ಸಾವಿರದಿಂದ ಕಂಪನಿ ಕಟ್ಟಿದವರು. ಕಥೆ ಮುಗಿಸಿ ತಲೆ ತಗ್ಗಿಸಿ ಕೇಳುವುದು ಒಂದೇ ಮಾತು: "ಅವ್ರಿಗೆ ಆತು, ನನಗ್ಯಾಕ ಆಗ್ಲಿಲ್ಲರಿ?" ಹುಬ್ಬಳ್ಳಿ-ಧಾರವಾಡದಲ್ಲಿ ಆಪ್ತಸಲಹೆ ಮಾಡುವ ನನಗೆ ಈಚೆಗೆ ಇದು ಎಷ್ಟು ಕಿವಿಗೆ ಬೀಳುತ್ತಿದೆಯೆಂದರೆ, ಒಂದು ಪ್ರಕರಣವನ್ನಾದರೂ ಬರೆದಿಡಬೇಕು ಅನಿಸಿತು. ಗುರುತು ಸಿಗದಂತೆ ವಿವರ, ಅಂಕಿ ಬದಲಿಸಿದ್ದೇನೆ. ಗಂಡ-ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಆತನಿಗೆ ಮೂವತ್ತರ ಆಸುಪಾಸು. ಗದಗ ಸೀಮೆಯ ಹಳ್ಳಿಯವ, ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದ. ನೌಕರಿ ಬಿಟ್ಟು, ಫೈನಾನ್ಸ್ ಮೇಲೆ ಸಣ್ಣ ಗೂಡ್ಸ್ ಗಾಡಿ ತೆಗೆದುಕೊಂಡ. ಅಮರಗೋಳದ ಎಪಿಎಂಸಿಯಿಂದ ಕಿರಾಣಿ ಅಂಗಡಿಗಳಿಗೆ ಮಾಲು ಹಾಕುವುದು, ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿಗೆ ಓಡಿಸುವುದು. ತಾನೇ ಸ್ಟೇರಿಂಗ್ ಹಿಡಿದಿದ್ದಷ್ಟು ದಿನ ಕಂತು ಕಟ್ಟಿ ಮನೆಗೂ ಉಳಿಯುತ್ತಿತ್ತು. ವರ್ಷ ತುಂಬುವುದರೊಳಗೆ ಎರಡನೆಯದು ಬಂತು, ಅದರ ಬೆನ್ನಿಗೇ ಮೂರನೆಯದು. ಬ್ಯಾಡಗಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆ ಕೆಂಪಗೆ ತುಂಬಿರುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಬಾಡಿಗೆ ಇಳಿಯುತ್ತದೆ. ಕಂತಿಗೆ ಮಾತ್ರ ಹನ್ನೆರಡು ತಿಂಗಳೂ ಸೀಜನ್. ಹೋಗುವಾಗ ತುಂಬಿದ ಗಾಡಿಗೆ ರಿಟರ್ನ್ ಲೋಡ್ ಸಿಗದಿದ್ದರೆ ಡೀಸೆಲ್ ಕೈಯಿಂದ. ಇಬ್ಬರು ಡ್ರೈವರ್‌ಗಳ ಪಗಾರ, ಟೈರು, ಇನ್ಶೂರೆನ್ಸ್. ಮೊದಲು ಗೆಳೆಯರ ಕೈಗಡ, ಅದನ್ನು ತೀರಿಸಲು ಮೊಬೈಲ್ ಆ್ಯಪಿನ ಸಾಲ. ಉಳಿದದ್ದನ್ನು ಓದುಗರು ಊಹಿಸಬಹುದು, ಎಲ್ಲ ಮನೆಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ತರಹ ನಡೆಯುತ್ತದೆ.

ಕರೆತಂದವಳು ಹೆಂಡತಿ. ನಿದ್ದೆ ಇಲ್ಲ, ಫೋನ್ ಬಡಿದರೆ ಬೆಚ್ಚುತ್ತಾರೆ, ತಾಟಿನ ಮುಂದೆ ಕೂತು ಉಣ್ಣದೆ ಎದ್ದು ಹೋಗುತ್ತಾರೆ ಎಂದಳು. ಸಾಯುವ ವಿಚಾರ ಬರುತ್ತದೆಯೇ ಎಂದು ಆತನನ್ನು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಎಷ್ಟೋ ಜನ ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ. "ಒಂದೆರಡ ಸಲ ಬಂದೈತ್ರಿ" ಎಂದ. ಅದೇ ವಾರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿದ್ದಾಯಿತು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಔಷಧಿ ಶುರುವಾಗಿ ನಿದ್ದೆ ಹತ್ತುವವರೆಗೆ ವ್ಯವಹಾರದ ಮಾತನ್ನೇ ಆಡಲಿಲ್ಲ. ನಿದ್ದೆಗೆಟ್ಟವನ ಜೊತೆ ಸಾಲದ ಲೆಕ್ಕಕ್ಕೆ ಕೂರಬಾರದು ಎಂಬುದು ನನ್ನ ಕಟ್ಟುನಿಟ್ಟು.

ಹೇಳಬೇಕಾದದ್ದು ಆಮೇಲಿನ ಒಂದು ಭೇಟಿಯ ಬಗ್ಗೆ. ಆ ದಿನ ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದೆ. ಆತ ಸ್ವಲ್ಪ ಚೇತರಿಸಿಕೊಂಡಿದ್ದ, ಹಾಗಾಗಿ ಕಥೆಗಳೂ ಚೇತರಿಸಿಕೊಂಡಿದ್ದವು.

"ಮೇಡಂರಿ, ವಿಆರ್‌ಎಲ್ ಲಾರಿ ಕಂಪನಿ ಕಟ್ಟಿದ ವಿಜಯ ಸಂಕೇಶ್ವರ ಅವ್ರು 1976ರಾಗ ಗದಗಿನ್ಯಾಗ ಒಂದ ಲಾರಿ ತಗೊಂಡಾಗ ಜನಾ ನಕ್ಕಿದ್ರಂತ. ಇವತ್ತ ನೋಡ್ರಿ. ನಾ ಒಂದಕ್ಕ ನಿಂತಿದ್ರ ಒಂದ ಗಾಡಿ ಡ್ರೈವರ್ ಆಗೇ ಸಾಯತಿದ್ದೆ. ಇನ್ಫೋಸಿಸ್ ತಗೋರಿ. ಸುಧಾ ಮೂರ್ತಿಯವ್ರು ನಮ್ಮ ಹುಬ್ಬಳ್ಳಿಯವ್ರ, ಬಿವಿಬಿ ಕಾಲೇಜಿನ್ಯಾಗ ಕಲತವ್ರು. ಬರೇ ಹತ್ತ ಸಾವಿರ ಕೊಟ್ರು. ಹತ್ತ ಸಾವಿರದಾಗ ಅಷ್ಟ ದೊಡ್ಡ ಕಂಪನಿ…"

ಅಲ್ಲಿಯವರೆಗೆ ಒಂದೂ ಮಾತಾಡದಿದ್ದ ಹೆಂಡತಿ, ನನ್ನ ಕಡೆ ತಿರುಗಿ ಹೇಳಿದಳು: "ಅವ್ರು ಕೊಟ್ಟಾರ್ರಿ ಅಕ್ಕಾರ. ನಂದು ಇವ್ರು ತಗೊಂಡಾರ."

ಮೂರನೆಯ ಗಾಡಿಗೆ ಕಟ್ಟಿದ ಮುಂಗಡ ಎಲ್ಲಿಂದ ಬಂತು ಎಂಬುದು ಅಂದು ಹೊರಬಿತ್ತು. ತವರಿನವರು ಹಾಕಿದ್ದ ಬಂಗಾರದ ಬೋರಮಾಳ ಸರ, ಪಾಟ್ಲಿ ಬಳೆ ಎರಡೂ ಒತ್ತೆ ಹೋಗಿದ್ದವು. ಯಾವುದೋ ಮದುವೆಗೆ ಹೊರಟು ಟ್ರಂಕ್ ತೆಗೆದಾಗಲೇ ಆಕೆಗೆ ತಿಳಿದದ್ದು.

"ಬಿಡಿಸಿ ಕೊಡತೀನಿ ಅಂತ ಹೇಳೇನಲ್ಲ" ಎಂದ ಆತ.

"ಯಾವಾಗ ಹೇಳೀರಿ? ಇಟ್ಟ ಮ್ಯಾಲ."

ಇಂಥಲ್ಲಿ ಆಪ್ತಸಲಹೆಗಾರರ ಕೈ ಸಮಾಧಾನದ ಕಡೆಗೆ ಹೋಗುತ್ತದೆ. ಅವಳ ಸಿಟ್ಟು ತಣ್ಣಗಾಗಲಿ, ಅವನ ಮರ್ಯಾದೆ ಉಳಿಯಲಿ ಎಂದು. ನಾನು ಆ ದಾರಿ ಹಿಡಿಯಲಿಲ್ಲ. ಅವಳನ್ನೇ ಕೇಳಿದೆ: "ಮೊದಲ ಕೇಳಿದ್ರ ಕೊಡತಿದ್ರೇನವಾ?"

ಆಕೆ ತುಸು ಯೋಚಿಸಿದಳು. "ಬೋರಮಾಳ ಕೊಡತಿದ್ದೆ. ಪಾಟ್ಲಿ ಕೊಡತಿದ್ದಿಲ್ಲ, ಅವು ಮಗಳಿಗಂತ ಇಟ್ಟಿದ್ವು. ಮತ್ತ ಎಷ್ಟ ದಿನದ ಮಾತಿದು ಅಂತ ಕೇಳತಿದ್ದೆ."

ಇಡೀ ಪ್ರಕರಣದಲ್ಲಿ ವ್ಯಾಪಾರ ಬಲ್ಲವರಂತೆ ಆಡಿದ ಮಾತು ಇದೊಂದೇ, ಅದನ್ನು ಆಡಿದವಳು ವ್ಯಾಪಾರ ಮಾಡದವಳು. ಎಷ್ಟು ಕೊಡಬಹುದು, ಎಷ್ಟನ್ನು ಮುಟ್ಟಬಾರದು, ಎಷ್ಟು ದಿನ ಕಾಯಬಹುದು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಆಗ ನಾನು ಆತನಿಗೆ, ಆತ ಬಾಯಿಪಾಠ ಮಾಡಿದ್ದ ಕಥೆಯ ಉಳಿದರ್ಧವನ್ನು ಹೇಳಿದೆ. 1981ರಲ್ಲಿ ಹತ್ತು ಸಾವಿರ ಕೊಟ್ಟಾಗ ಸುಧಾ ಮೂರ್ತಿಯವರ ಡಬ್ಬಿಯಲ್ಲಿದ್ದದ್ದು 10,250 ರೂಪಾಯಿ. ಕಷ್ಟಕಾಲಕ್ಕೆಂದು 250 ಉಳಿಸಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮನೆ ಖರ್ಚು ನಾನು ನೋಡಿಕೊಳ್ಳುತ್ತೇನೆ, ಆದರೆ ನಿಮಗಿರುವುದು ಮೂರೇ ವರ್ಷ ಎಂದೂ ಗಂಡನಿಗೆ ಹೇಳಿದ್ದರಂತೆ. ಸುಧಾ ಅವರಿಗೆ ಎಂಜಿನಿಯರಿಂಗ್ ಓದಿತ್ತು, ದುಡಿಮೆ ಇತ್ತು. ನಾರಾಯಣ ಮೂರ್ತಿಯವರು ಅದಕ್ಕೂ ಮೊದಲು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ತೆಗೆದು, ಅದು ನಡೆಯದೆ ಮುಚ್ಚಿ, ಮತ್ತೆ ನೌಕರಿಗೆ ಸೇರಿದ್ದವರು. ಮುಚ್ಚಿದ್ದಕ್ಕೆ ಯಾರೂ ಅವರನ್ನು ಹೇಡಿ ಅನ್ನಲಿಲ್ಲ.

"ಇದನ್ನ ಯಾರೂ ಹೇಳೂದಿಲ್ಲಲ್ರಿ" ಎಂದ.

ಹೇಳುವುದಿಲ್ಲ. ಗೆಲುವಿನ ಕಥೆಯನ್ನು ವೇದಿಕೆ ಮೇಲೆ ಹೇಳುವವರು ಸಾರು ಬಿಟ್ಟು ಒಗ್ಗರಣೆಯನ್ನಷ್ಟೇ ಬಡಿಸುತ್ತಾರೆ. ಸಂಕೇಶ್ವರರ ಕಥೆಯೂ ಹಾಗೇ. ಅವರದು ಗದಗಿನಲ್ಲಿ ಮುದ್ರಣ, ಪ್ರಕಾಶನ ನಡೆಸುತ್ತಿದ್ದ ಮನೆತನ. ಲಾರಿಗೂ ಮೊದಲೇ ಅವರು ಹರೆಯದಲ್ಲಿ ಪ್ರೆಸ್ಸಿನ ಕೆಲಸ ಮಾಡಿ, ವ್ಯವಹಾರ ಅಂದರೆ ಏನೆಂದು ಕಂಡವರು. ಮನೆಯವರಿಗೆ ಈ ಹೊಸ ದಂಧೆ ಹಿಡಿಸದಿದ್ದರೂ ಒಂದು ಊರು, ಒಂದು ಹೆಸರು ಬೆನ್ನಿಗಿತ್ತು. ಇದರಿಂದ ಅವರ ಸಾಹಸ ಕಿರಿದಾಗುವುದಿಲ್ಲ. 1976ರ ಆ ಲಾರಿಯಿಂದ, 2015ರಲ್ಲಿ ಕಂಪನಿಯ ಷೇರು ಮಾರುಕಟ್ಟೆಗೆ ಬರುವವರೆಗೆ ನಡುವೆ ಮೂವತ್ತೊಂಬತ್ತು ವರ್ಷ. ನನ್ನೆದುರು ಕೂತವನು ಹದಿನೆಂಟು ತಿಂಗಳಲ್ಲಿ ಒಂದನ್ನು ಮೂರು ಮಾಡಿದ್ದ. ಅವನ ಕಥೆ ಸಂಕೇಶ್ವರರ ಕಥೆಯಂತೆ ಆಗಲಿಲ್ಲ ಎಂದು ಅಳುವ ಮೊದಲು, ಅದು ಆ ಕಥೆಯಂತೆ ಶುರುವೇ ಆಗಿರಲಿಲ್ಲ ಎಂಬುದು ಅವನಿಗೆ ಕಾಣಬೇಕಿತ್ತು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಫೈನಾನ್ಸ್, ಒತ್ತೆ, ಕೈಗಡ, ಆ್ಯಪು, ಅಂಗಡಿ ಉದ್ದರಿ, ಎಲ್ಲ ಸಾಲವನ್ನೂ ಹೆಂಡತಿಯ ಎದುರು ಒಂದೇ ಹಾಳೆಯಲ್ಲಿ ಬರೆಯಬೇಕು, ಬರೆಯುವವಳು ಆಕೆಯೇ ಆಗಬೇಕು. ಇದಕ್ಕೆ ಆತ ಬಹಳ ಹಿಂಜರಿದ. ಸಾಲ ಹೊರಗೆ ಬಿದ್ದರೆ ಮಾನ ಹೋಗುತ್ತದೆ ಎಂದ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದನ್ನು ನೆನಪಿಸಿದೆ. ಅವನ ಊರಿಗೆ ಅದು ದೂರವೇನಲ್ಲ. ಸಂಘದ ಸಾಲ ಗುಟ್ಟಿನ ಸಾಲವಲ್ಲ, ಯಾರು ಎಷ್ಟು ಎತ್ತಿದ್ದಾರೆಂದು ಉಳಿದ ಸದಸ್ಯರಿಗೆ ಗೊತ್ತು, ಗೊತ್ತಿರುವುದರಿಂದಲೇ ಅದಕ್ಕೊಂದು ಮಿತಿ ಇರುತ್ತದೆ. ಮುಚ್ಚಿಟ್ಟ ಸಾಲಕ್ಕೆ ಆ ಮಿತಿ ಹಾಕುವವರು ಯಾರೂ ಇರುವುದಿಲ್ಲ. ಹಾಳೆ ತುಂಬಿತು. ಹಿಂದೆಯೂ ಬರೆಯಬೇಕಾಯಿತು.

ಎರಡು ಗಾಡಿ ಮಾರಿ, ಒಂದನ್ನು ತಾನೇ ಓಡಿಸಲಿ ಎಂದೆ. ಅದೂ ಫೈನಾನ್ಸಿನವರು ಸೀಜ್ ಮಾಡುವ ಮೊದಲು. ಹರಾಜಿಗೆ ಹೋದ ಗಾಡಿಗೆ ಸಾಮಾನ್ಯವಾಗಿ ಕಡಿಮೆ ಬೆಲೆ ಬರುತ್ತದೆ, ಕಡಿಮೆ ಬಿದ್ದ ಹಣಕ್ಕೂ ಸಾಲ ತೆಗೆದವನೇ ಹೊಣೆ. ತಾನೇ ಗಿರಾಕಿ ಹುಡುಕಿ, ಬಾಕಿ ತೀರಿಸಿ, ಫೈನಾನ್ಸಿನವರಿಂದ ಸಾಲ ತೀರಿತೆಂಬ ಎನ್‌ಒಸಿ ಪತ್ರ ಮತ್ತು ಫಾರ್ಮ್ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಸಾಲದ ನಮೂದು ತೆಗೆಸಿಕೊಟ್ಟರೆ ವ್ಯವಹಾರ ಸ್ವಚ್ಛವಾಗಿ ಮುಗಿಯುತ್ತದೆ. ಲೆಕ್ಕದ ಬಾಬತ್ತು ನನ್ನದಲ್ಲ, ಅದಕ್ಕೆ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಕಳಿಸಿದೆ. ಆ್ಯಪಿನವರು ಸಂಬಂಧಿಕರಿಗೆಲ್ಲ ಫೋನ್ ಮಾಡಿ ಕಾಡುತ್ತಿದ್ದರು. ಬಲವಂತದ ವಸೂಲಿಗೆ ಶಿಕ್ಷೆ ಇದೆ, 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆಂದೇ ಕಾನೂನು ತಂದಿದೆ, ಪೊಲೀಸ್ ಠಾಣೆಗೆ ಹೋಗಲು ನಾಚಿಕೆ ಬೇಡ ಎಂದೂ ಹೇಳಿದೆ.

ಉಳಿದ ಒಂದು ಗಾಡಿಗೆ ಮಿತಿ ಹಾಕುವ ಕೆಲಸ ಇಬ್ಬರದು. ಇಂಥ ತಿಂಗಳವರೆಗೆ ನೋಡುವುದು, ಇಷ್ಟು ರೂಪಾಯಿಗಿಂತ ಹೆಚ್ಚು ಹಾಕುವುದಿಲ್ಲ, ಇಂಥ ವಸ್ತು ಮುಟ್ಟುವುದಿಲ್ಲ. ಅಂಕಿಯನ್ನು ನಾನು ಹೇಳಲಿಲ್ಲ. ನಾನು ಹೇಳಿದ್ದರೆ ಅದು ಮೇಡಂ ಹಾಕಿದ ಮಿತಿ ಆಗುತ್ತಿತ್ತು, ಮೀರುವುದೂ ಸುಲಭವಾಗುತ್ತಿತ್ತು.

ಮಾವನ ಮನೆಯವರಿಗೆ ಬೇಕಾಗಿದ್ದದ್ದು ಬೇರೆ. ಎಲ್ಲ ಮಾರಿ ಹಳೆ ನೌಕರಿಗೆ ಹೋಗಲಿ ಎಂದು ನನ್ನ ಬಾಯಿಂದ ಹೇಳಿಸಲು ಹಿರಿಯರು ಬಂದು ಕೂತಿದ್ದರು. ನಾನು ಹೇಳಲಿಲ್ಲ. ಆ ಒಂದು ಗಾಡಿ ನಷ್ಟದಲ್ಲಿರಲಿಲ್ಲ. ಆತನಿಗೆ ರಸ್ತೆ ಗೊತ್ತು, ಎಪಿಎಂಸಿಯ ದಲ್ಲಾಳಿಗಳು ಹೆಸರು ಹಿಡಿದು ಕರೆಯುತ್ತಾರೆ, ಹಮಾಲರ ಜೊತೆ ಜಗಳವಿಲ್ಲ. ಇವೆಲ್ಲ ಬಂಡವಾಳವೇ.

ಉದ್ಯಮ ತರಬೇತಿ ಕೊಡುವ ನನ್ನ ಗೆಳೆಯರೊಬ್ಬರಿಗೆ ಈ ಸಲಹೆ ಹಿಡಿಸಿಲ್ಲ. ನಮ್ಮ ಕಡೆಯ ಹುಡುಗರಿಗೆ ಮೊದಲೇ ಧೈರ್ಯ ಕಡಿಮೆ, ಅದರ ಮೇಲೆ ನೀವು ತಣ್ಣೀರು ಹಾಕುತ್ತೀರಿ, 1976ರಲ್ಲಿ ನೀವಿದ್ದಿದ್ದರೆ ಆ ಲಾರಿಯನ್ನೂ ಮಾರಿಸುತ್ತಿದ್ದಿರಿ ಎಂದರು. ಒಂದು ಲಾರಿ ಇದ್ದವರಿಗೆ ನಾನು ಏನನ್ನೂ ಮಾರಿ ಎನ್ನುವುದಿಲ್ಲ. ಹೇಳದೆ ಒತ್ತೆಯಿಟ್ಟ ಬಂಗಾರದ ಮೇಲೆ ನಿಂತ ಮೂರನೆಯದನ್ನು ಮಾರಿ ಎನ್ನುತ್ತೇನೆ, ನಾಳೆಯೂ ಅದನ್ನೇ ಅನ್ನುತ್ತೇನೆ. ಧೈರ್ಯ ಆತನಲ್ಲಿ ಬೇಕಾದಷ್ಟಿತ್ತು. ಹೆಂಡತಿಯ ಮುಂದೆ ಕೂತು ಕೇಳುವ ಧೈರ್ಯ ಇರಲಿಲ್ಲ, ಅದನ್ನು ಯಾವ ಶಿಬಿರದಲ್ಲೂ ಕಲಿಸುವುದನ್ನು ನಾನು ಕಂಡಿಲ್ಲ. ಇನ್ನು ಬೆಳೆಯದಿದ್ದರೆ ಸೋತಂತೆ ಎಂಬ ಮಾತು. ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ನಿಂತವರು ಯಾರೂ ಅದನ್ನು ಒಪ್ಪಲಾರರು. ಉನ್ನಾವದಿಂದ ಬಂದ ಠಾಕೂರ್ ಕುಟುಂಬ ತಲೆಮಾರುಗಳಿಂದ ಅದೊಂದೇ ಸಿಹಿ ನಂಬಿ ಹೆಸರು ಮಾಡಿತು, ಧಾರವಾಡ ಪೇಡೆಗೆ ಭೌಗೋಳಿಕ ಗುರುತೂ ಬಂತು. ಶಿಬಿರಗಳ ಪರದೆ ಮೇಲೆ ಅವರ ಚಿತ್ರ ಬರುವುದು ಅಪರೂಪ.

ಎರಡನೆಯ ಗಾಡಿ ಬಂಕಾಪುರದ ಕಡೆಯವರೊಬ್ಬರಿಗೆ ಹೋಯಿತು. ಮೂರನೆಯದಕ್ಕೆ ಬೆಲೆ ಕೂಡಿಬರದೆ ಕಂತು ಇನ್ನೂ ಎಳೆಯುತ್ತಿದೆ. ಪಾಟ್ಲಿ ಬಿಡಿಸಿದ್ದಾರೆ, ಬೋರಮಾಳ ಬ್ಯಾಂಕಿನಲ್ಲೇ ಇದೆ. ಅದು ತಾನೇ ಕೊಟ್ಟದ್ದೆಂದು ಬರೆದುಕೊಳ್ಳಿ ಎಂದು ಆಕೆ ಹೇಳಿದ್ದಾಳೆ. ಮುಂದಿನ ಯುಗಾದಿಯವರೆಗೆ ಎಂದು ಮಿತಿ ಹಾಕಿದವಳೂ ಆಕೆಯೇ. ದೀಪಾವಳಿವರೆಗೆ ಸಾಕು ಎಂದು ಮಾವ ಹಟ ಹಿಡಿದಿದ್ದರು. ಮೆಣಸಿನಕಾಯಿ ಸೀಜನ್ ನೋಡದೆ ಹೆಂಗ ಹೇಳಾಕ ಬರತೈತಿ ಅಪ್ಪಾ, ಎಂದು ಅವರನ್ನು ಸುಮ್ಮನಾಗಿಸಿದಳು.