ಪ್ರೊಸೆಸರ್ ಬದಲಿಸಿದರೆ ಜರ್ಕ್ ಹೋಗುತ್ತಾ ಸಾರ್?

ಈ ಸಲವೂ ಅದೇ ಪ್ರಶ್ನೆ, ಗೇಮ್ ಆಡುವಾಗ ಚಿತ್ರ ನಡುವೆ ಗಕ್ಕನೆ ತಡೆಯುವ ಜರ್ಕ್‌ನದು. ಸಿಂಧನೂರಿನಿಂದ ಬಂದಿದೆ, ಗಂಗಾವತಿಯಿಂದ ಬಂದಿದೆ, ನಮ್ಮ ಬಳ್ಳಾರಿಯ ಕೌಲ್‌ಬಜಾರಿನಿಂದಲೂ ಬಂದಿದೆ. ಹಾಗಾಗಿ ಒಬ್ಬರಿಗೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವರು ಅದರಲ್ಲೇ ತಮ್ಮದನ್ನು ಹುಡುಕಿಕೊಳ್ಳಿ. ಡ್ರೈವರ್ ಹಾಕುವುದು ಹೇಗೆ, ವಿಂಡೋಸ್ ಅಪ್‌ಡೇಟ್ ಎಲ್ಲಿದೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ. ರಾತ್ರಿ ಎರಡರವರೆಗೆ ಗೇಮ್ ಆಡುವವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನನ್ನದು ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಒಂದು ರ‍್ಯಾಮ್. ಗೇಮಿನಲ್ಲಿ ಸೆಕೆಂಡಿಗೆ 90 ಫ್ರೇಮ್ (ಚಿತ್ರ) ತೋರಿಸುತ್ತದೆ, ಆದರೂ ಆಗಾಗ ಜರ್ಕ್ ಹೊಡೆಯುತ್ತದೆ. ಅಂಗಡಿಯವರು ಪ್ರೊಸೆಸರ್ ಹಳೆಯದಾಯ್ತು, ರೈಜನ್ 7 ಹಾಕಿಸು ಅಂತಾರೆ. ಹಾಕಿಸಲಾ? (ಸಿಂಧನೂರಿನ ಓದುಗ)

ಮೊದಲು ಆ 90ನ್ನು ಮರೆತುಬಿಡಿ. ಅದು ಸರಾಸರಿ. 90 ಫ್ರೇಮ್ ಅಂದರೆ ಒಂದೊಂದಕ್ಕೆ ಸುಮಾರು 11 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 120 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಜರ್ಕ್ ಹೊಡೆಯುತ್ತದೆ. ಆದರೆ ಆ ಸೆಕೆಂಡಿನ ಲೆಕ್ಕ ಸುಮಾರು 80ಕ್ಕೆ ಇಳಿಯುತ್ತದೆ ಅಷ್ಟೇ. ಮೂಲೆಯ ನಂಬರ್ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ.

ಸಂಜೆ ಮಿರ್ಚಿ ಬಂಡಿ ಹತ್ತಿರ ನಿಂತಿದ್ದೀರಿ ಅಲ್ವಾ? ಒಬ್ಬ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕೊಡುತ್ತಾನೆ, ಇನ್ನೊಬ್ಬ ಬಾಣಲೆಯಲ್ಲಿ ಕರಿಯುತ್ತಾನೆ. ಅದ್ದುವವನು ಪ್ರೊಸೆಸರ್, ಕರಿಯುವವನು ಗ್ರಾಫಿಕ್ಸ್ ಕಾರ್ಡ್. ಆದರೆ ಬುಟ್ಟಿಯಲ್ಲಿ ಸೀಳಿದ ಕಾಯಿ ಖಾಲಿಯಾಗಿ, ಹುಡುಗ ಮಾರ್ಕೆಟ್ಟಿಗೆ ಹೋಗಿದ್ದರೆ? ಅದ್ದುವವನ ಜಾಗಕ್ಕೆ ಎಂಥ ಚುರುಕಿನವನನ್ನು ತಂದು ಕೂರಿಸಿದರೂ ಅವನೂ ಕೈಕಟ್ಟಿ ಕೂರಬೇಕು. ಆ ಬುಟ್ಟಿ ನಿಮ್ಮ ರ‍್ಯಾಮ್. ಆ ಮಾರ್ಕೆಟ್ಟು ನಿಮ್ಮ ಡಿಸ್ಕ್.

ನಿಮ್ಮ ಬುಟ್ಟಿ 8 ಜಿಬಿ, ಅದೂ ಒಂದೇ ಸ್ಟಿಕ್. ಈಗಿನ ದೊಡ್ಡ ಗೇಮ್‌ಗಳಿಗೆ ಅದು ಸಾಲುವುದಿಲ್ಲ. ವಿಂಡೋಸ್ ತನ್ನ ಪಾಲು ತಿಂದ ಮೇಲೆ ಉಳಿದದ್ದರಲ್ಲಿ ಗೇಮ್ ಹಿಡಿಸದೆ ಡಿಸ್ಕಿಗೆ ಚೆಲ್ಲುತ್ತದೆ. ವಾಪಸ್ ತರುವಾಗ ಜರ್ಕ್. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿ, ಒಂದೇ ಇದ್ದರೆ ಒಂದೇ ದಾರಿ. ಅದರಲ್ಲೂ ನಿಮ್ಮ 2600ರ ಒಳಗೆ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಮೂರು ಮೂರರಂತೆ ಎರಡು ಗುಂಪು. ಆ ಗುಂಪುಗಳು ಮಾತಾಡಿಕೊಳ್ಳುವ ವೇಗ ರ‍್ಯಾಮಿನ ವೇಗಕ್ಕೆ ಕಟ್ಟಿಹಾಕಿದ್ದು. ರ‍್ಯಾಮ್ ನಿಧಾನ ಅಂದರೆ ಪ್ರೊಸೆಸರ್ ಒಳಗೂ ನಿಧಾನ. ಡಬ್ಬಿಯ ಮೇಲೆ 3200 ಅಂತ ಬರೆದಿದ್ದರೂ ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ ಅನ್ನುವ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ ಅದು 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ. ನನ್ನ ಟೇಬಲ್ಲಿಗೆ ಬರುವ ಮಷಿನ್‌ಗಳಲ್ಲಿ ಇದನ್ನು ಆನ್ ಮಾಡಿದ್ದು ಸಿಕ್ಕರೆ ಅವತ್ತು ನನಗೆ ಹಬ್ಬ.

ಆದ್ದರಿಂದ ಮೊದಲ ಕೆಲಸ 8+8 ಜೋಡಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಅಕ್ಕಪಕ್ಕ ಚುಚ್ಚಿ "ಏನೂ ಫರಕ್ ಆಗಲಿಲ್ಲ" ಅಂತ ಮತ್ತೆ ಬರೆಯಬೇಡಿ.

ಎರಡನೆಯದು ಪರೀಕ್ಷೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತೆರೆಯ ಮೇಲೆ ಫ್ರೇಮ್‌ಟೈಮ್ (ಒಂದೊಂದು ಫ್ರೇಮಿಗೆ ಹಿಡಿದ ಹೊತ್ತು) ಗೆರೆ, ಒಂದೊಂದು ಕೋರಿನ ಬಳಕೆ, ಬಿಸಿ, ಗ್ರಾಫಿಕ್ಸ್ ಕಾರ್ಡಿನ ಬಳಕೆ ಎಲ್ಲ ತೋರಿಸುವಂತೆ ಮಾಡಿ. ಜರ್ಕ್ ಹೊಡೆದ ಗಳಿಗೆಯಲ್ಲಿ ಏನು ಕುಣಿಯಿತು ನೋಡಿ. ಕಾರ್ಡ್ 98, 99 ಪರ್ಸೆಂಟಿನಲ್ಲೇ ಇದ್ದರೆ ಪ್ರೊಸೆಸರ್ ಸುದ್ದಿಗೆ ಹೋಗಬೇಡಿ, ಸೆಟ್ಟಿಂಗ್ ಇಳಿಸಿ. ಕಾರ್ಡ್ 50, 60ಕ್ಕೆ ಬಿದ್ದು, ಒಂದೆರಡು ಕೋರ್ ಪೂರ್ತಿ ತುಂಬಿದ್ದರೆ ಆಗ ಪ್ರೊಸೆಸರ್ ಮೇಲೆ ಅನುಮಾನ ಪಡಿ. "ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 40 ಪರ್ಸೆಂಟ್ ಮಾತ್ರ ಇದೆ" ಅನ್ನುವವರಿಗೆ ಒಂದು ಮಾತು: ಅದು ಎಲ್ಲ ಕೋರ್‌ಗಳ ಒಟ್ಟು ಲೆಕ್ಕ. ಗೇಮಿನ ಮುಖ್ಯ ಕೆಲಸ ಹೊತ್ತ ಒಂದು ಕೋರ್ ಸಾಯುತ್ತಿದ್ದರೂ ಒಟ್ಟು 40 ಬರಬಹುದು. ರೆಸಲ್ಯೂಷನ್ 720ಕ್ಕೆ ಇಳಿಸಿಯೂ ನೋಡಿ. ಫ್ರೇಮೂ ಏರಲಿಲ್ಲ, ಜರ್ಕೂ ಹೋಗಲಿಲ್ಲ ಅಂದರೆ ತಪ್ಪು ಕಾರ್ಡಿನದಲ್ಲ.

ಇನ್ನೊಂದು ಗಮನಿಸಿ. ಹೊಸ ಜಾಗಕ್ಕೆ ಹೋದಾಗ ಜರ್ಕ್, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಇಲ್ಲ. ಹೀಗಿದ್ದರೆ ಅದು ಹೆಚ್ಚಾಗಿ ಶೇಡರ್ ಕಂಪೈಲ್, ಅಂದರೆ ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಮ್‌ಗಳನ್ನು ಗೇಮ್ ಆ ಗಳಿಗೆಯಲ್ಲೇ ತಯಾರಿಸಿಕೊಳ್ಳುವುದು. ಅನ್‌ರಿಯಲ್ ಎಂಜಿನ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಟ್ಟಿದ ಬಹಳಷ್ಟು ಗೇಮ್‌ಗಳಿಗೆ ಈ ರೋಗವಿದೆ. ಪ್ರೊಸೆಸರ್ ಎಷ್ಟು ದುಬಾರಿಯದು ಹಾಕಿದರೂ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮೂರನೆಯದು ಬಿಸಿ. ಇದು ನಮ್ಮ ಸೀಮೆಯವರಿಗೆ ಜಾಸ್ತಿ ಅನ್ವಯಿಸುತ್ತದೆ. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದಾಗ ಪ್ರೊಸೆಸರ್ ಮೇಲಿನ ಕೂಲರ್ ಪಾಪ ಏನು ಮಾಡೀತು? ಪ್ರೊಸೆಸರ್ 95 ಡಿಗ್ರಿಯ ಹತ್ತಿರ ಹೋಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ತಣ್ಣಗಾಗಿ ಏರಿಸುತ್ತದೆ, ಮತ್ತೆ ಇಳಿಸುತ್ತದೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಮಷಿನ್ ತಂದ. ಮನೆಯಲ್ಲೇ ಜೀನ್ಸ್ ಹೊಲಿಗೆ ಯೂನಿಟ್. ಕೂಲರಿನ ಫ್ಯಾನ್ ಬಿಚ್ಚಿದರೆ ಕೆಳಗೆ ಒಂದು ಪದರ, ಉಗುರಿನಿಂದ ಎತ್ತಿದರೆ ಬಟ್ಟೆಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಬಣ್ಣವೂ ನೀಲಿಯೇ! ಅದನ್ನು ತೆಗೆದು, ಪ್ರೊಸೆಸರಿಗೂ ಕೂಲರಿಗೂ ನಡುವೆ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಜರ್ಕ್ ಹೋಯಿತು. ಅವನು ಅಷ್ಟರಲ್ಲಿ ಹೊಸ ಪ್ರೊಸೆಸರ್‌ಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಗಂಗಾವತಿ ಕಡೆ ಅಕ್ಕಿ ಗಿರಣಿ ಪಕ್ಕದ ಮನೆಗಳಿಂದ ಬರುವ ಮಷಿನ್‌ಗಳಲ್ಲಿ ತೌಡಿನ ಧೂಳು. ಸಂಡೂರಿನವುಗಳಲ್ಲಿ ಕೆಂಪು ಧೂಳು. ಧೂಳು ನೋಡಿಯೇ ಊರು ಹೇಳುತ್ತೇನೆ.

ನಾನೂ ಸಾಚಾ ಅಲ್ಲ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಒಬ್ಬರಿಗೆ ಧೈರ್ಯವಾಗಿ ಪ್ರೊಸೆಸರ್ ಹಾಕಿಕೊಟ್ಟೆ. ಮೂರನೇ ದಿನ ವಾಪಸ್ ಬಂದರು, ಜರ್ಕ್ ಹಾಗೇ ಇತ್ತು. ಗೇಮ್ ಇದ್ದದ್ದು ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಅದು 100 ಪರ್ಸೆಂಟ್ ಹಿಡಿದುಕೊಂಡು ಒದ್ದಾಡುತ್ತಿತ್ತು. ಒಂದು ಎಸ್‌ಎಸ್‌ಡಿಯಲ್ಲಿ ಮುಗಿಯುವ ಕೆಲಸ. ಪ್ರೊಸೆಸರ್ ವಾಪಸ್ ತಗೊಂಡು ದುಡ್ಡು ಕೊಟ್ಟೆ. ಅವತ್ತಿನಿಂದ ಪರೀಕ್ಷೆ ಮಾಡದೆ ಯಾರಿಗೂ ಪ್ರೊಸೆಸರ್ ಮಾರಿಲ್ಲ.

ಹಾಗಾದರೆ ಪ್ರೊಸೆಸರ್ ಬದಲಿಸುವುದೇ ಬೇಡವಾ? ಹಾಗೆ ಹೇಳಲಿಲ್ಲ. ನಿಮ್ಮ 2600 ಬಂದದ್ದು 2018ರಲ್ಲಿ. ರ‍್ಯಾಮ್, ಬಿಸಿ, ಡಿಸ್ಕ್ ಮೂರೂ ಸರಿಯಾದ ಮೇಲೂ ಕೋರ್ ತುಂಬಿ ಕಾರ್ಡ್ ಸುಮ್ನೆ ಕೂತಿದ್ದರೆ ಬದಲಿಸಿ. ಆದರೆ ರೈಜನ್ 7 ಬೇಡ, ನಿಮ್ಮ ಕಾರ್ಡಿಗೆ ರೈಜನ್ 5 5600 ಸಾಕು. ಅದರಲ್ಲಿ ಆರೂ ಕೋರ್ ಒಂದೇ ಗುಂಪು, ಎಲ್ಲಕ್ಕೂ ಸೇರಿ 32 ಎಂಬಿ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ವೇಗದ ಪುಟ್ಟ ಮೆಮೊರಿ. 2600ರಲ್ಲಿ 16, ಅದೂ ಎಂಟೆಂಟು ಹಂಚಿಕೊಂಡದ್ದು. ಜರ್ಕ್ ಕಡಿಮೆ ಆಗಲು ಈ ಕ್ಯಾಶ್ ಕೂಡ ಒಂದು ಕಾರಣ. ಇಂಟೆಲ್ ಐ5 7400 ತರದ ನಾಲ್ಕು ಕೋರ್, ನಾಲ್ಕೇ ಥ್ರೆಡ್‌ನವರಿದ್ದೀರಲ್ಲ (ಥ್ರೆಡ್ ಅಂದರೆ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ನಿಮ್ಮದು ಬೇರೆ ಕಥೆ. ನಿಮಗೆ ನಿಜಕ್ಕೂ ಪ್ರೊಸೆಸರ್ ಸಾಲುತ್ತಿಲ್ಲ.

"ನನ್ನ ಗೆಳೆಯ ಪ್ರೊಸೆಸರ್ ಬದಲಿಸಿದ, ಜರ್ಕ್ ಹೋಯಿತು" ಅಂತ ಎಲ್ಲರೂ ಸಾಕ್ಷಿ ತರುತ್ತೀರಿ. ಪ್ರೊಸೆಸರ್ ಬದಲಿಸುವಾಗ ಅಂಗಡಿಯವನು ಇನ್ನೇನೇನು ಮಾಡಿದ, ಕೇಳಿದ್ದೀರಾ? ಧೂಳು ಹೊಡೆದ, ಹೊಸ ಪೇಸ್ಟ್ ಹಚ್ಚಿದ, ಬಯಾಸ್ ಅಪ್‌ಡೇಟ್ ಮಾಡಿದ, ವಿಂಡೋಸ್ ಹೊಸದಾಗಿ ಹಾಕಿದ. ಯಾವುದರಿಂದ ವಾಸಿಯಾಯಿತು? ರೈಜನ್ ಮಷಿನ್‌ಗಳಲ್ಲಿ ಎಫ್‌ಟಿಪಿಎಂ ಅನ್ನುವ ಭದ್ರತೆಯ ಭಾಗದಿಂದಲೇ ಆಗೊಮ್ಮೆ ಈಗೊಮ್ಮೆ ಜರ್ಕ್ ಬರುತ್ತದೆ ಅಂತ 2022ರಲ್ಲಿ ರೈಜನ್ ತಯಾರಿಸುವ ಎಎಂಡಿಯೇ ಒಪ್ಪಿಕೊಂಡಿತ್ತು. ಮದ್ದು ಬಯಾಸ್ ಅಪ್‌ಡೇಟ್. ಬಿಟ್ಟಿ ಕೆಲಸಗಳನ್ನೆಲ್ಲ ಮೊದಲು ಮಾಡಿ ನೋಡಿ.

5600 ಹಾಕಿಸುವುದಾದರೂ ಬಯಾಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಇರುವಾಗಲೇ ಆಗಬೇಕು, ಅದಿಲ್ಲದೆ ಹೊಸದು ಹಾಕಿದರೆ ತೆರೆ ಕಪ್ಪು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಕೂಲರ್ ತೆಗೆಯುವ ಮುಂಚೆ ಹತ್ತು ನಿಮಿಷ ಗೇಮ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಮಷಿನ್ ಆಫ್ ಮಾಡಿ, ವೈರ್ ಕಿತ್ತು, ಕ್ಲಿಪ್ ಬಿಚ್ಚಿ ಕೂಲರನ್ನು ಆಚೆ ಈಚೆ ನಿಧಾನ ತಿರುಗಿಸಿ, ಆಮೇಲೆ ಎತ್ತಿ. ನೇರ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಕೂಲರಿಗೇ ಅಂಟಿಕೊಂಡು ಬರುತ್ತದೆ, ಪಿನ್ ಬಾಗುತ್ತದೆ. ಬಾಗಿದ ಪಿನ್ ನೇರ ಮಾಡಲು ನನ್ನ ಹತ್ತಿರ ತರಬೇಡಿ. ಕಣ್ಣು ಮೊದಲಿನಂತಿಲ್ಲ.

ಪ್ರಶ್ನೆ: ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡಿದರೆ ಜರ್ಕ್ ಹೋಗುತ್ತದಂತೆ, ವಿಡಿಯೋದಲ್ಲಿ ನೋಡಿದೆ. (ಕೊಪ್ಪಳ)

ಇಲ್ಲ. ವಿಂಡೋಸ್ ಮೊದಲಿನಿಂದಲೂ ಎಲ್ಲ ಕೋರ್ ಬಳಸುತ್ತದೆ. ಆ ಜಾಗ ಇರುವುದು ಪರೀಕ್ಷೆಗಾಗಿ ಕೋರ್ ಕಡಿಮೆ ಮಾಡಲು. ಆ ವಿಡಿಯೋದವರ "ರ‍್ಯಾಮ್ ಕ್ಲೀನರ್", "ಗೇಮ್ ಬೂಸ್ಟರ್" ಕೂಡ ಇದೇ ಜಾತಿ. ಅಳಿಸಿ ಹಾಕಿ.

ಪ್ರಶ್ನೆ: 12 ಕೋರ್, 24 ಥ್ರೆಡ್ ಝಿಯಾನ್ ಸೆಟ್ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ? (ಗಂಗಾವತಿ)

ಹಳೆಯ ಸರ್ವರ್ ಪ್ರೊಸೆಸರ್ ಅದು, ಒಂದೊಂದು ಕೋರೂ ನಿಧಾನ. ಗೇಮಿಗೆ ಬೇಡ.

ಪ್ರಶ್ನೆ: ಸ್ಟೆಬಿಲೈಜರ್ ಹಾಕಿದರೆ ಜರ್ಕ್ ನಿಲ್ಲುತ್ತದಾ? (ರಾಯಚೂರು)

ನಾಡಿಗೆಲ್ಲ ಕರೆಂಟ್ ಕಳಿಸುವ ಶಕ್ತಿನಗರದ ಪಕ್ಕ ಕೂತು ವೋಲ್ಟೇಜ್ ಪ್ರಶ್ನೆ ಕೇಳುತ್ತೀರಲ್ಲ! ವೋಲ್ಟೇಜ್ ತೀರಾ ಬಿದ್ದರೆ ಮಷಿನ್ ರೀಸ್ಟಾರ್ಟ್ ಆಗುತ್ತದೆ, ಜರ್ಕ್ ಹೊಡೆಯುವುದಿಲ್ಲ.

ಪ್ರಶ್ನೆ: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಬಹುದಾ? (ಬಳ್ಳಾರಿ)

ಹಲ್ಲಿಗೆ ಹಚ್ಚಿ.