ಆ ಕಿಲುಬನ್ನು ಮುಟ್ಟಬೇಡಿ

ಐವತ್ತರ ದಶಕದ ನ್ಯೂಯಾರ್ಕ್ ಚಿತ್ರಕಾರರೊಬ್ಬರ ಸಣ್ಣ ಕಂಚಿನ ಶಿಲ್ಪ ಹರಾಜಿಗೆ ಬಂದಿದೆ, 8 ಪ್ರತಿಗಳಲ್ಲಿ ಒಂದು, ಇದನ್ನು ಕೊಳ್ಳುವುದೋ ಅಥವಾ ಅದೇ ದುಡ್ಡಿಗೆ ಒಂದು ಚಿತ್ರ ಕೊಳ್ಳುವುದೋ, ಹೂಡಿಕೆಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಮೇಲೆಲ್ಲ ಕಿಲುಬು ಹಿಡಿದಿದೆ, ತಂದ ಮೇಲೆ ಉಜ್ಜಿಸಿದರಾಯಿತು." ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ನಾನು ಅದನ್ನೇ ಮಾಡಿದ್ದೆ.

ಆಗ ನ್ಯೂಜೆರ್ಸಿಯಲ್ಲಿದ್ದೆ. 2014ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ವಿಲ್ಲೆಮ್ ಡಿ ಕೂನಿಂಗ್ ಅವರ 'ಕ್ಲ್ಯಾಮ್‌ಡಿಗರ್' ಎಂಬ ಕಂಚಿನ ಶಿಲ್ಪ ಸುಮಾರು 2.93 ಕೋಟಿ ಡಾಲರಿಗೆ ಹೋಯಿತು. ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಶನಿಸ್ಟ್, ಅಂದರೆ ಬಣ್ಣ ಮತ್ತು ಕುಂಚದ ಬೀಸಿನಲ್ಲೇ ಭಾವ ಹೇಳುವ ಪಂಥದ ಚಿತ್ರಕಾರರ ಸಾಲಿನಲ್ಲಿ ಮೊದಲು ಕೇಳಿಬರುವ ಹೆಸರುಗಳಲ್ಲಿ ಅವರದೂ ಒಂದು. ಬಣ್ಣದ ಮನುಷ್ಯ ಕಂಚಿಗೆ ಯಾಕೆ ಬಂದರು ಅಂತ ಹುಡುಕುತ್ತಾ ಹೋದೆ. 1969ರ ಬೇಸಿಗೆಯಲ್ಲಿ, 65ನೇ ವಯಸ್ಸಿನಲ್ಲಿ, ರೋಮ್‌ಗೆ ಹೋಗಿದ್ದಾಗ ಹಳೆಯ ಗೆಳೆಯರೊಬ್ಬರ ಎರಕದ ಮನೆಯಲ್ಲಿ ಜೇಡಿಮಣ್ಣು ಹಿಡಿದರಂತೆ. ಅಲ್ಲಿ 13 ಸಣ್ಣ ಆಕೃತಿಗಳಾದವು. ಅವನ್ನು ನೋಡಿದ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್, ಇವನ್ನು ದೊಡ್ಡದಾಗಿ ಮಾಡಿ ಅಂತ ಹುರಿದುಂಬಿಸಿದರು. ಆಮೇಲೆ ದೊಡ್ಡ ಶಿಲ್ಪ ಮಾಡುವಾಗ ಡಿ ಕೂನಿಂಗ್ ಗ್ಲೌಸ್ ಮೇಲೆ ಗ್ಲೌಸ್ ಹಾಕಿಕೊಂಡು ಮಣ್ಣನ್ನು ಹಿಸುಕುತ್ತಿದ್ದರು, ಬೆರಳು ದಪ್ಪವಾಗಲಿ ಅಂತ. 1972ರ ಕ್ಲ್ಯಾಮ್‌ಡಿಗರ್ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಕಡಲತೀರದಲ್ಲಿ ಚಿಪ್ಪು ಅಗೆಯುವವರನ್ನು ನೆನೆದು ಮಾಡಿದ್ದು. ನಮ್ಮ ಉಡುಪಿ ಕಡೆ ಹೊಳೆಗಿಳಿದು ಮರುವಾಯಿ ಹೆಕ್ಕುತ್ತಾರಲ್ಲ, ಅದೇ ಕೆಲಸ. ಮೈಮೇಲೆಲ್ಲ ಕೆಸರು ಮೆತ್ತಿಕೊಂಡೇ ಎದ್ದು ನಿಂತಂತಿದೆ ಆ ಆಕೃತಿ. ನಾನು ಚಿಕ್ಕಂದಿನಲ್ಲಿ ನೋಡಿದ ಮನುಷ್ಯರೇ ಅವರು.

ಅಂಥದ್ದೊಂದು ನನ್ನ ಮನೆಯಲ್ಲೂ ಇರಬೇಕು ಅನ್ನಿಸಿತು. ಡಿ ಕೂನಿಂಗ್ ನಮ್ಮ ಕೈಗೆ ಎಟುಕುವವರಲ್ಲ. 2015ರಲ್ಲಿ ಒಂದು ಸಣ್ಣ ಹರಾಜು ಮನೆಯಲ್ಲಿ, ಅದೇ ತಲೆಮಾರಿನ, ಅಷ್ಟು ಹೆಸರಾಗದ ಚಿತ್ರಕಾರರೊಬ್ಬರ ಒಂದಡಿ ಎತ್ತರದ ಕಂಚು ಸಿಕ್ಕಿತು. ಸುತ್ತಿಗೆ ಬಿದ್ದದ್ದು 4,200 ಡಾಲರಿಗೆ. ಅದರ ಮೇಲೆ ಹರಾಜು ಮನೆಯವರು ಕೊಳ್ಳುವವರಿಂದ ತೆಗೆದುಕೊಳ್ಳುವ ಪ್ರೀಮಿಯಂ 25 ಪರ್ಸೆಂಟ್, ಅದರ ಮೇಲೆ ಟ್ಯಾಕ್ಸ್. ಒಟ್ಟು ಕೈಯಿಂದ ಹೋದದ್ದು 5,600 ಡಾಲರಿನ ಹತ್ತಿರ. ನೀವು ಲೆಕ್ಕ ಹಾಕುವಾಗ ಇದನ್ನೆಲ್ಲ ಸೇರಿಸಿಯೇ ಹಾಕಿ.

ಶಿಲ್ಪದ ಮೈ ಕಡುಗಂದು. ಮಡಿಕೆಗಳ ಒಳಗೆ ಹಸಿರು. ಆ ಹಸಿರು ನನ್ನ ಕಣ್ಣಿಗೆ ಕಿಲುಬಾಗಿಯೇ ಕಂಡಿತು. ನಮ್ಮ ಮನೆಗಳಲ್ಲಿ ಕಿಲುಬು ಅಂದರೆ ಹೆಂಗಸರ ಸೋಮಾರಿತನ ಅಂತಲೇ ಮಾತು, ಅಲ್ವಾ? ಹಬ್ಬದ ಹಿಂದಿನ ದಿನ ದೀಪ, ತಂಬಿಗೆ, ಹರಿವಾಣ ಎಲ್ಲವನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಅಮ್ಮ ಉಜ್ಜುತ್ತಿದ್ದರು. ಮನೆ ತುಂಬ ಹೊಂಬಣ್ಣ. ಆ ದೀಪಾವಳಿಗೆ ನಾನೂ ಹಾಗೇ ಮಾಡಿದೆ. ಮೊದಲು ಬಿಸಿನೀರು, ಸೋಪು. ಆಮೇಲೆ ಹುಣಸೆಹಣ್ಣಿನ ಉಂಡೆ, ಕಲ್ಲುಪ್ಪು. ಸಂದುಗಳಿಗೆ ಹಳೆಯ ಟೂತ್‌ಬ್ರಶ್. ಎರಡು ಗಂಟೆ ಕೂತು ಉಜ್ಜಿದೆ. ಫಳಫಳ ಹೊಳೆಯಿತು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. "ಈಗ ಲಕ್ಷಣವಾಗಿ ಕಾಣ್ತದೆ ಮಗಾ" ಅಂದರು.

ನಾನು ಉಜ್ಜಿ ತೆಗೆದದ್ದು ಕೊಳೆಯಲ್ಲ. ಎರಕವಾದ ಮೇಲೆ ಕಂಚನ್ನು ಬರ್ನರ್‌ನಿಂದ ಕಾಯಿಸಿ, ಮೇಲೆ ರಾಸಾಯನಿಕ ಬಳಿದು, ಪದರದ ಮೇಲೆ ಪದರ ಬಣ್ಣ ಬರಿಸುತ್ತಾರೆ. ಗಂಧಕದ ಸಂಯುಕ್ತ ಹಾಕಿದರೆ ಕಪ್ಪು, ಕಂದು. ಕಬ್ಬಿಣದ ನೈಟ್ರೇಟ್‌ಗೆ ಕೆಂಗಂದು. ತಾಮ್ರದ ನೈಟ್ರೇಟ್‌ಗೆ ಹಸಿರು. ಕೊನೆಗೆ ಮೇಣ ಸವರುತ್ತಾರೆ. ಇದಕ್ಕೆ ಪ್ಯಾಟಿನಾ ಅನ್ನುತ್ತಾರೆ. ಯಾವ ಬಣ್ಣ, ಎಲ್ಲಿ ಗಾಢ, ಎಲ್ಲಿ ತೆಳು ಅನ್ನುವುದು ಕಲಾವಿದರ ತೀರ್ಮಾನ. ಬಣ್ಣವನ್ನೇ ಬದುಕಾಗಿಸಿಕೊಂಡ ಚಿತ್ರಕಾರರು ಕಂಚಿಗೆ ಬಂದಾಗ ಈ ಮೇಲ್ಮೈಯೇ ಅವರ ಕ್ಯಾನ್ವಾಸ್. ನಾನು ಒಂದು ಚಿತ್ರದ ಬಣ್ಣವನ್ನು ಕೆರೆದು ತೆಗೆದಿದ್ದೆ.

ಅಲ್ಲಿಗೇ ಮುಗಿಯಲಿಲ್ಲ. ಉಪ್ಪು ಸಂದುಗಳಲ್ಲಿ ಉಳಿದುಕೊಂಡಿತ್ತು. ಉಪ್ಪಿನ ಕ್ಲೋರೈಡ್‌ಗೆ ಗಾಳಿಯ ತೇವ ಸೇರಿದರೆ ಕಂಚನ್ನು ಒಳಗಿಂದ ತಿನ್ನುತ್ತಾ ಹೋಗುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ತಿಳಿ ಹಸಿರು ಪುಡಿ ಉದುರತೊಡಗಿತು. ಇಲ್ಲಿದೆ ನೋಡಿ ನಿಜವಾದ ರೋಗ. ಬೆರಳಿಗೆ ಪುಡಿಯಾಗಿ ಅಂಟುವ ಹಸಿರು ಕಂಡರೆ ಲೋಹ ಸಂರಕ್ಷಣೆ ಬಲ್ಲವರ ಹತ್ತಿರ ಒಯ್ಯಬೇಕು. ಗಟ್ಟಿಯಾಗಿ ಮೈಗಂಟಿದ ಹಸಿರನ್ನು ಮುಟ್ಟಲೇಬಾರದು. ನಾನು ಎರಡನೆಯದನ್ನು ಅಳಿಸಿ ಮೊದಲನೆಯದನ್ನು ತಂದುಕೊಂಡಿದ್ದೆ.

2018ರಲ್ಲಿ ಊರಿಗೆ ವಾಪಸು ಹೊರಟಾಗ ಅದನ್ನು ಮಾರಲು ಹರಾಜು ಮನೆಗೆ ಒಯ್ದೆ. ಅಲ್ಲಿದ್ದ ಮಹಿಳೆ ಒಂದು ನಿಮಿಷ ತಿರುಗಿಸಿ ನೋಡಿ, "ಇದನ್ನು ಯಾರು ಸ್ವಚ್ಛ ಮಾಡಿದ್ದು?" ಅಂತ ಮೆಲ್ಲಗೆ ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ಮತ್ತೆ ಪ್ಯಾಟಿನಾ ಹಾಕಿಸಬಹುದು, ಆದರೆ ಹಾಗೆ ಹಾಕಿಸಿದ್ದು ಅಂತ ಶಿಲ್ಪದ ಸ್ಥಿತಿಯ ವರದಿಯಲ್ಲಿ ಬರೆಯಲೇಬೇಕು ಅಂದರು. ಹಾಗೇ ಮಾರಿದೆ. 1,500ಕ್ಕೆ ಹೋಯಿತು, ಅದರಲ್ಲೂ ಅವರ ಕಮಿಷನ್ ಕಳೆದು. ದುಡ್ಡಿಗಿಂತ ಜಾಸ್ತಿ ನೋವಾಗುವುದು ಬೇರೆಯದಕ್ಕೆ. ಶಿಲ್ಪದ ಬೆನ್ನ ಮೇಲೆ ಆ ಚಿತ್ರಕಾರರ ಹೆಬ್ಬೆರಳಿನ ಗುರುತಿತ್ತು, ಗೆರೆಗೆರೆಯಾಗಿ. ಗಾಢ ಬಣ್ಣ ಆ ಗೆರೆಗಳಲ್ಲಿ ನಿಂತಿದ್ದರಿಂದ ಅದು ಕಾಣುತ್ತಿತ್ತು. ಉಜ್ಜಿದ ಮೇಲೆ ಕಾಣಲಿಲ್ಲ.

ನಿಮ್ಮ ಇನ್ನೊಂದು ಮಾತು: "ಪ್ರತಿಗೆ ಯಾಕೆ ಇಷ್ಟು ದುಡ್ಡು?" ನಮ್ಮ ಕಡೆ ಪಂಚಲೋಹದ ಮೂರ್ತಿ ಮಾಡುವಾಗ ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಲೋಹ ಎರೆದು, ಅಚ್ಚು ಒಡೆಯುತ್ತಾರೆ. ಒಂದಕ್ಕೆ ಒಂದೇ. ಅದು ಮನಸ್ಸಿನಲ್ಲಿ ಕೂತಿರುವುದರಿಂದ ಎಂಟರಲ್ಲಿ ಒಂದು ಅಂದರೆ ನಮಗೆ ನಕಲು ಅನ್ನಿಸುತ್ತದೆ. ಅಮೆರಿಕದ ಎರಕದ ಮನೆಗಳಲ್ಲಿ ಮೂಲದಿಂದ ರಬ್ಬರ್ ಅಚ್ಚು ತೆಗೆದು, ಅದರಿಂದ ಹಲವು ಮೇಣದ ಆಕೃತಿ ತೆಗೆದು, ಒಂದೊಂದನ್ನೂ ಬೇರೆಯಾಗಿ ಎರಕ ಹೊಯ್ಯುತ್ತಾರೆ. ಎಂಟೂ ಮೂಲವೇ. ಕ್ಲ್ಯಾಮ್‌ಡಿಗರ್ ಕೂಡ ಒಂದೇ ಒಂದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಎರಕವಾದಾಗ ಕಲಾವಿದರು ಬದುಕಿದ್ದರೇ? ಬುಡದಲ್ಲಿ ಸಂಖ್ಯೆ, ಸಹಿ, ಎರಕದ ಮನೆಯ ಮುದ್ರೆ ಇವೆಯೇ?

ಹೂಡಿಕೆ ಅಂತಾದರೆ ಕಂಚೂ ಬೇಡ, ಚಿತ್ರವೂ ಬೇಡ. ಕೊಳ್ಳುವಾಗ ಕಾಲುಪಾಲು ಮೇಲೆ ಕೊಟ್ಟು, ಮಾರುವಾಗ ಮತ್ತೆ ಕಮಿಷನ್ ಕೊಟ್ಟು ಲಾಭ ಎಣಿಸುವುದು ನಮ್ಮಂಥವರಿಗಲ್ಲ. ಕ್ಲ್ಯಾಮ್‌ಡಿಗರ್‌ನ ಬೆಲೆ ನೋಡಿ ಆಸೆಪಡಬೇಡಿ. ಅದು ಡಿ ಕೂನಿಂಗ್ ಅವರ ಕುಟುಂಬದಲ್ಲೇ ಉಳಿದಿದ್ದ ಪ್ರತಿ, ಅವರ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದದ್ದು. ಆದರೆ ಆ ಶಿಲ್ಪದ ಮುಂದೆ ನಿಂತಾಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತಿದ್ದರೆ, ಕೊಳ್ಳಿ.

ಹರಾಜಿಗೆ ಮುಂಚೆ ನೋಡಲು ಬಿಡುವ ದಿನ ಇರುತ್ತದೆ, ಅವತ್ತು ಹೋಗಿ. ಟಾರ್ಚ್ ಒಯ್ಯಿರಿ. ಸ್ಥಿತಿಯ ವರದಿಯನ್ನು ಬರಹದಲ್ಲೇ ಕೇಳಿ. ಮತ್ತೆ, ಆ ಹಸಿರು ಪುಡಿಯೋ ಗಟ್ಟಿಯೋ ಅಂತ ನೋಡಿ, ಬುಡದ ಒಂದು ಫೋಟೊ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ.